ಗಾಡಿ ಎಳೆಯುತ್ತಿಲ್ಲ: ಹಳೆಯ ಟರ್ಬೊ ಕಾರಿನಲ್ಲಿ ಮೊದಲು ಬೀಳುವುದು ಯಾವುದು?

ಪುಣೆಯ ಕನ್ನಡಿಗ ಕಾರು ಮಾಲೀಕರ ಒಂದು ಕೂಟದಲ್ಲಿ ಆಡಿದ ಮಾತಿನ ಬರಹ ರೂಪ

ಇಲ್ಲಿ ಕೂತಿರುವವರಲ್ಲಿ ಬಹಳ ಜನ ಹಬ್ಬಕ್ಕೆ, ಮದುವೆಗೆ ಸ್ವಂತ ಗಾಡಿಯಲ್ಲೇ ಊರಿಗೆ ಹೋಗುವವರು. ವಿಜಯಪುರ, ಕಲಬುರಗಿಯವರು ಸೋಲಾಪುರ ರಸ್ತೆ ಹಿಡಿಯುತ್ತೀರಿ. ಬೆಳಗಾವಿ, ಧಾರವಾಡದವರು ಕಾತ್ರಜ್ ದಾಟಿ ಸಾತಾರಾ ರಸ್ತೆ. ಗಾಡಿಗೆ ಪವರ್ ಕಡಿಮೆಯಾದರೆ ಸಾತಾರಾ ರಸ್ತೆಯವರಿಗೆ ಬೇಗ ಗೊತ್ತಾಗುತ್ತದೆ, ಯಾಕಂದ್ರೆ ಖಂಬಾಟಕಿ ಘಾಟಿ ಸುಳ್ಳು ಹೇಳುವುದಿಲ್ಲ. ಸೋಲಾಪುರ ರಸ್ತೆ ಸಪಾಟು. ಅಲ್ಲಿ ಅರ್ಧ ಪವರ್ ಹೋದ ಗಾಡಿಯೂ ಎಂಬತ್ತರಲ್ಲಿ ಆರಾಮಾಗಿ ಓಡುತ್ತದೆ. ಮಾಲೀಕರು "ಗಾಡಿ ಚೆನ್ನಾಗಿದೆ" ಅಂತಲೇ ಅಂದುಕೊಂಡಿರುತ್ತಾರೆ.

ನಮ್ಮ ಕಡೆಯವರು ನನ್ನ ಗ್ಯಾರೇಜಿಗೆ ಬಂದು ಹೇಳುವುದು ಹೆಚ್ಚುಕಡಿಮೆ ಹೀಗೆ: "ಅಣ್ಣಾರ, ಗಾಡಿ ಘಾಟ್‌ನ್ಯಾಗ ಎಳೀವಲ್ದು ನೋಡ್ರಿ." ಇಷ್ಟು ಹೇಳಿ ಕೀ ಕೊಡುತ್ತಾರೆ. ಜೊತೆಗೆ ಇನ್ನೊಂದು ಮಾತು ಬಂದೇ ಬರುತ್ತದೆ: "ಬೇರೆ ಕಡೆ ಸ್ಕ್ಯಾನ್ ಮಾಡಿಸಿದ್ವಿ, ಪಂಪ್ ಹೋಗಿದೆ ಅಂದ್ರು." ನಾನು ಇವತ್ತು ಮಾತಾಡುವುದು ಈ ಎರಡನೇ ಮಾತಿನ ಬಗ್ಗೆ. ಸ್ಕ್ಯಾನರ್‌ನಲ್ಲಿ ಬರುವ ಕೋಡ್ ಯಾವ ಪಾರ್ಟ್ ಹೋಗಿದೆ ಅಂತ ಹೇಳುವುದಿಲ್ಲ. ಇಸಿಯು, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರ್, ಏನು ಕೇಳಿತು, ಏನು ಸಿಗಲಿಲ್ಲ ಅಂತ ಅಷ್ಟೇ ಹೇಳುತ್ತದೆ. ಪಿ0087 ಅಂದರೆ ಇಂಧನ ತುಂಬಿಡುವ ರೈಲ್ ಅನ್ನುವ ಕೊಳವೆಯಲ್ಲಿ ಇಂಧನದ ಪ್ರೆಷರ್ ಬೇಕಾದಷ್ಟು ಏರಲಿಲ್ಲ. ಪಿ0299 ಅಂದರೆ ಟರ್ಬೊ ಬೂಸ್ಟ್, ಅಂದರೆ ಟರ್ಬೊ ಇಂಜಿನ್‌ಗೆ ಒತ್ತಿ ತುಂಬುವ ಗಾಳಿಯ ಒತ್ತಡ, ಬೇಕಾದಷ್ಟು ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ನಾವೇ ಹುಡುಕಬೇಕು. ಇದನ್ನು ಮರೆತು ಮೊದಲ ಕೋಡಿಗೆ ಹೈ ಪ್ರೆಷರ್ ಪಂಪ್, ಎರಡನೇ ಕೋಡಿಗೆ ಟರ್ಬೊ ಬದಲಾಯಿಸುತ್ತಾ ಹೋದರೆ ಹಳೆಯ ಗಾಡಿಯ ಬೆಲೆಗಿಂತ ಬಿಲ್ಲೇ ಜಾಸ್ತಿ ಆಗುತ್ತದೆ.

ಉದಾಹರಣೆಗೆ ನಮ್ಮಲ್ಲಿ ಎಲ್ಲರಿಗೂ ಪರಿಚಯವಿರುವ ಇಂಜಿನ್ ತೆಗೆದುಕೊಳ್ಳೋಣ. ಫಿಯಟ್‌ನ 1.3 ಲೀಟರ್ ಮಲ್ಟಿಜೆಟ್ ಡೀಸೆಲ್. ಇಲ್ಲೇ ಪುಣೆ ಹತ್ತಿರ ರಾಂಜಣಗಾವ್‌ನಲ್ಲೂ ತಯಾರಾಗುತ್ತಿತ್ತು. ಮಾರುತಿ, ಟಾಟಾ, ಫಿಯಟ್ ಮೂರೂ ಕಂಪನಿಗಳ ಕಾರುಗಳಲ್ಲಿ ಇದು ಓಡಿದೆ. 2020ರಲ್ಲಿ ಬಿಎಸ್ 6 ಮಾಲಿನ್ಯ ನಿಯಮ ಬಂದಾಗ ನಿಂತಿತು. ಆದರೆ ರಸ್ತೆ ಮೇಲೆ ಇನ್ನೂ ಲೆಕ್ಕವಿಲ್ಲದಷ್ಟು ಇವೆ. 75 ಎಚ್‌ಪಿಯದಕ್ಕೆ ಸಾದಾ ಟರ್ಬೊ, 90 ಎಚ್‌ಪಿಯದಕ್ಕೆ ಒಳಗಿನ ರೆಕ್ಕೆಗಳು ತಿರುಗುವ ವಿಜಿಟಿ ಟರ್ಬೊ. ಇದೂ ಕಾಮನ್ ರೈಲ್ ಇಂಜಿನ್ನೇ. ಅಂದರೆ ಒಂದು ದಪ್ಪ ಉಕ್ಕಿನ ಕೊಳವೆಯಲ್ಲಿ ಡೀಸೆಲ್ ಅನ್ನು ಭಾರಿ ಒತ್ತಡದಲ್ಲಿ ತುಂಬಿಟ್ಟಿರುತ್ತಾರೆ. ಇಸಿಯು ಹೇಳಿದಾಗ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ತೆರೆದುಕೊಳ್ಳುತ್ತದೆ. ಇಂಥ ಇಂಜಿನ್‌ಗಳಲ್ಲಿ ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಇಂಜಿನ್ ಓಡುವಾಗ, ಆ ಒತ್ತಡ ಸುಮಾರು 250ರಿಂದ 350 ಬಾರ್ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು). ಪೂರ್ತಿ ಎಕ್ಸಲರೇಟರ್ ಒತ್ತಿದಾಗ 1400ರಿಂದ 1600 ಬಾರ್‌ವರೆಗೂ ಹೋಗುತ್ತದೆ.

ಇಲ್ಲೇ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಹಳೆಯ ಜೀಪು, ಟ್ರ್ಯಾಕ್ಸ್, ಟ್ರ್ಯಾಕ್ಟರ್ ರಿಪೇರಿ ಕಲಿತ ಮೇಸ್ತ್ರಿಗಳಿಗೆ ಒಂದು ಅಭ್ಯಾಸ ಇದೆ. ಇಂಜಿನ್ ಓಡುತ್ತಿರುವಾಗಲೇ ನೋಜಲ್ ಪೈಪಿನ ನಟ್ಟು ಒಂದೊಂದಾಗಿ ಸಡಿಲ ಮಾಡಿ, ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಅಂತ ನೋಡುವುದು. ಆ ಇಂಜಿನ್ನಿಗೆ ಅದು ಒಳ್ಳೆಯ ಪರೀಕ್ಷೆಯೇ. ಕಾಮನ್ ರೈಲ್‌ನಲ್ಲಿ ಮಾತ್ರ ದಯವಿಟ್ಟು ಯಾರೂ ಮಾಡಬೇಡಿ, ಮಾಡಲು ಬಿಡಬೇಡಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗುರುತು ಕಾಣುತ್ತದೆ. ನೋವೂ ಮೊದಲಿಗೆ ಅಷ್ಟಿರುವುದಿಲ್ಲ. ಒಳಗೆ ಮಾತ್ರ ಮಾಂಸ ಸಾಯುತ್ತಾ ಹೋಗುತ್ತದೆ, ಬೆರಳು ಕೈ ಕಳೆದುಕೊಳ್ಳುವವರೆಗೂ ಹೋಗಬಹುದು. ಹಾಗಾದರೆ ಅರ್ಜಂಟಾಗಿ ಆಸ್ಪತ್ರೆಗೆ ಹೋಗಿ "ಹೈ ಪ್ರೆಷರ್ ಡೀಸೆಲ್ ಒಳಗೆ ಹೋಗಿದೆ" ಅಂತಲೇ ಹೇಳಬೇಕು. ಬರೀ ಟಿಟಿ ಇಂಜೆಕ್ಷನ್ ಹಾಕಿಸಿಕೊಂಡು ಬರಬಾರದು. ಇಂಜಿನ್ ಆಫ್ ಮಾಡಿದ ಮೇಲೂ ರೈಲ್‌ನ ಒತ್ತಡ ಇಳಿಯಲು ಸ್ವಲ್ಪ ಸಮಯ ಬೇಕು. ಸ್ಕ್ಯಾನರ್‌ನಲ್ಲಿ ಸೊನ್ನೆ ನೋಡಿದ ಮೇಲೆಯೇ ಸ್ಪ್ಯಾನರ್ ಹಿಡಿಯಬೇಕು.

ಈಗ ವಿಷಯಕ್ಕೆ ಬರೋಣ. ಪವರ್ ಬೇಕು ಅಂದರೆ ಎರಡು ಬೇಕು. ಗಾಳಿ ಮತ್ತು ಇಂಧನ. ಯಾವುದು ಕಡಿಮೆಯಾಗಿದೆ ಅನ್ನುವುದನ್ನು ಮೊದಲು ತಿಳಿಯಬೇಕು. ಡೀಸೆಲ್ ಗಾಡಿಯಲ್ಲಿ ಇದಕ್ಕೆ ಖರ್ಚಿಲ್ಲದ ಪರೀಕ್ಷೆ ಇದೆ. ಹೊಗೆ. ಘಾಟಿ ಹತ್ತುವಾಗ ಹಿಂದಿನ ಗಾಡಿಯಲ್ಲಿ ಮನೆಯವರನ್ನೋ ಸ್ನೇಹಿತರನ್ನೋ ಬರಲು ಹೇಳಿ, ನೋಡಿಸಿ. ಪವರ್ ಇಲ್ಲ, ಕಪ್ಪು ಹೊಗೆ ಜಾಸ್ತಿ ಅಂದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಪವರ್ ಇಲ್ಲ, ಹೊಗೆಯೂ ಇಲ್ಲ ಅಂದರೆ ಹೆಚ್ಚಾಗಿ ಡೀಸೆಲ್ಲೇ ಸಾಲುತ್ತಿಲ್ಲ, ಇಲ್ಲವೇ ಇಸಿಯು ತಾನಾಗಿ ಕಡಿಮೆ ಮಾಡಿದೆ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಅದು ಬೇರೆಯೇ ದಾರಿ.

ಗಾಳಿಯ ಕಡೆ ಹುಡುಕುವುದು ಸುಲಭ, ಕಣ್ಣಿಗೆ ಕಾಣುತ್ತದೆ. ಟರ್ಬೊದಿಂದ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಇಂಜಿನ್‌ಗೆ ಹೋಗುವ ರಬ್ಬರ್ ಹೋಸ್‌ಗಳನ್ನು ಕೈಯಿಂದ ಹಿಸುಕಿ, ಕೆಳಭಾಗ ಮುಟ್ಟಿ ನೋಡಿ. ಹೋಸ್ ಸೀಳಿರುವುದು ಸಾಮಾನ್ಯವಾಗಿ ಮೇಲಿನಿಂದ ಕಾಣದ ಕಡೆಯಲ್ಲೇ. ಹೊಸದಾಗಿ ಆಯಿಲ್ ಒದ್ದೆ ಇದ್ದರೆ, ಅದರ ಮೇಲೆ ಧೂಳು ಮೆತ್ತಿಕೊಂಡಿದ್ದರೆ, ಅಲ್ಲಿಂದ ಗಾಳಿ ಹೋಗುತ್ತಿದೆ ಅಂತಲೇ ಅನುಮಾನಿಸಬೇಕು. ಮಳೆಗಾಲ ಬಂತೆಂದರೆ ಪುಣೆ, ಮುಂಬೈ ಸೊಸೈಟಿಗಳ ಪಾರ್ಕಿಂಗ್‌ನಲ್ಲಿ ಇಲಿ ಕಾಟ. ಬಾನೆಟ್ ಒಳಗೆ ಬೆಚ್ಚಗಿರುತ್ತದೆ ಅಂತ ಸೇರಿಕೊಳ್ಳುತ್ತವೆ. ವಿಜಿಟಿ ಟರ್ಬೊದ ರೆಕ್ಕೆ ತಿರುಗಿಸುವ ಆಕ್ಚುಯೇಟರ್‌ಗೆ ಹೋಗುವ ಬೆರಳಿಗಿಂತ ಸಣ್ಣ ವ್ಯಾಕ್ಯೂಮ್ ಪೈಪನ್ನು ಕಡಿದರೆ ಸಾಕು, ಬೂಸ್ಟ್ ಹೋಯಿತು. ಸ್ಕ್ಯಾನರ್ ಪಿ0299 ತೋರಿಸುತ್ತದೆ. ಆ ಪೈಪಿನ ಬೆಲೆ ಒಂದು ಊಟದಷ್ಟು. ಟರ್ಬೊ ಬದಲಾಯಿಸಿದರೆ ಹತ್ತಾರು ಸಾವಿರ.

ವ್ಯಾಕ್ಯೂಮ್‌ನಿಂದ ನಡೆಯುವ ವಿಜಿಟಿ ಟರ್ಬೊ ಇದ್ದರೆ ಇನ್ನೊಂದು ನೋಡಬಹುದು. ಇಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಆಕ್ಚುಯೇಟರ್‌ನ ರಾಡ್ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ವಾಪಸ್ ಬರಬೇಕು. ನಡುವೆ ಸಿಕ್ಕಿಹಾಕಿಕೊಳ್ಳದೆ ನಯವಾಗಿ ಓಡಾಡಬೇಕು. ಸಿಟಿಯಲ್ಲಿ ನಿಧಾನಕ್ಕೆ ಮಾತ್ರ ಓಡುವ ಗಾಡಿಯಲ್ಲಿ ಮಸಿ ಕಟ್ಟಿ ಒಳಗಿನ ರೆಕ್ಕೆ ಬಿಗಿಯಾಗುತ್ತದೆ. ಹಿಂಜೆವಾಡಿಗೆ ಆಫೀಸಿಗೆ ಹೋಗಿಬರುವುದು ಬಿಟ್ಟರೆ ಬೇರೆ ಓಟವೇ ಇಲ್ಲದ ಗಾಡಿಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇನೆ. ಸ್ವಲ್ಪ ಹೊಗೆಯನ್ನು ಇಂಜಿನ್‌ಗೇ ವಾಪಸ್ ಕಳಿಸುವ ಇಜಿಆರ್ ವಾಲ್ವ್ ತೆರೆದೇ ಉಳಿಯುವುದೂ ಅದೇ ಮಸಿಯಿಂದ.

ಈಗ ಅಳತೆಯ ಮಾತು. ನಿಮ್ಮಲ್ಲಿ ಹಲವರ ಹತ್ತಿರ ಕಾರಿಗೆ ಸಿಕ್ಕಿಸಿ ಮೊಬೈಲ್‌ನಲ್ಲಿ ನೋಡುವ ಸಣ್ಣ ಸ್ಕ್ಯಾನರ್, ಬ್ಲೂಟೂತ್ ಓಬಿಡಿ ಡಾಂಗಲ್ ಇದೆ. ಅದರಲ್ಲಿ ಕೋಡ್ ಓದಿ ಅಳಿಸಿ ಸುಮ್ನೆ ಇಡುತ್ತೀರಿ, ಅಲ್ವಾ? ಅದರ ನಿಜವಾದ ಉಪಯೋಗ ಲೈವ್ ಡೇಟಾದಲ್ಲಿ. ಮೊದಲು ಇಂಜಿನ್ ಸ್ಟಾರ್ಟ್ ಮಾಡದೆ, ಕೀ ಮಾತ್ರ ಆನ್ ಮಾಡಿ ಬೂಸ್ಟ್ ಸೆನ್ಸರ್ ನೋಡಿ. ಇಂಜಿನ್ ನಿಂತಿದ್ದಾಗ ಆ ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಇಲ್ಲಿ ಸುಮಾರು 95 ಕಿಲೊಪ್ಯಾಸ್ಕಲ್ ಬರಬೇಕು. ಇದೇ ಗಾಡಿ ಮುಂಬೈಯಲ್ಲೋ ಪಣಜಿಯಲ್ಲೋ ನಿಂತರೆ 101 ಆಸುಪಾಸು. ಪುಣೆಯಲ್ಲಿ ನಿಂತ ಗಾಡಿ 120 ಅಂತಲೋ 70 ಅಂತಲೋ ತೋರಿಸಿದರೆ ಸೆನ್ಸರ್ರೇ ಸುಳ್ಳು ಹೇಳುತ್ತಿದೆ. ಹಾಗೆಯೇ ರಾತ್ರಿಯಿಡೀ ನಿಂತ ಗಾಡಿಯಲ್ಲಿ ರೈಲ್ ಪ್ರೆಷರ್ ಸೊನ್ನೆ ಹತ್ತಿರ ಇರಬೇಕು. ನಿಂತಲ್ಲೇ 50, 60 ಬಾರ್ ತೋರಿಸಿದರೆ ಮುಂದಿನ ಯಾವ ಅಳತೆಯನ್ನೂ ನಂಬಬೇಡಿ. ಮೊದಲು ಆ ಸೆನ್ಸರ್, ಅದರ ಕನೆಕ್ಟರ್, ವೈರಿಂಗ್ ನೋಡಿ. ಯಾರಾದರೂ ಪಿಕಪ್ ಹೆಚ್ಚಿಸಲು ಟ್ಯೂನಿಂಗ್ ಬಾಕ್ಸ್ ಹಾಕಿಸಿದ್ದರೆ ಅದನ್ನು ತೆಗೆದೇ ಪರೀಕ್ಷೆ ಶುರು ಮಾಡಬೇಕು. ಅಂಥ ಅಗ್ಗದ ಬಾಕ್ಸ್‌ಗಳಲ್ಲಿ ಹಲವು ಮಾಡುವುದೇ ರೈಲ್ ಸೆನ್ಸರಿನ ಅಳತೆಯನ್ನು ಕಡಿಮೆ ಮಾಡಿ ಇಸಿಯುಗೆ ಹೇಳುವುದು. ಅದು ನಂಬಿ ಒತ್ತಡ ಇನ್ನೂ ಏರಿಸುತ್ತದೆ. ಹಳೆಯ ಪಂಪಿಗೆ, ಇಂಜೆಕ್ಟರಿಗೆ ಅದು ಒಳ್ಳೆಯದಲ್ಲ.

ಆಮೇಲೆ ರಸ್ತೆಗೆ ಹೋಗಬೇಕು. ನಿಂತಲ್ಲೇ ರೇಸ್ ಕೊಟ್ಟರೆ ಏನೂ ಗೊತ್ತಾಗುವುದಿಲ್ಲ, ಲೋಡ್ ಬೇಕು. ಕಾತ್ರಜ್‌ನ ಹಳೆಯ ಘಾಟಿ ರಸ್ತೆ ಇದಕ್ಕೆ ಒಳ್ಳೆಯದು, ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಕೂತು ಸ್ಕ್ಯಾನರ್ ನೋಡಬೇಕು. ಓಡಿಸುವವರು ಮೊಬೈಲ್ ನೋಡಬಾರದು. ಮೂರನೇ ಗೇರ್, ಎರಡು ಸಾವಿರ ಆರ್‌ಪಿಎಂ, ಎಕ್ಸಲರೇಟರ್ ಪೂರ್ತಿ. ನಾಲ್ಕು ಅಂಕಿ ರೆಕಾರ್ಡ್ ಮಾಡಿ: ಇಸಿಯು ಕೇಳಿದ ರೈಲ್ ಪ್ರೆಷರ್, ನಿಜವಾಗಿ ಬಂದ ರೈಲ್ ಪ್ರೆಷರ್, ಕೇಳಿದ ಬೂಸ್ಟ್, ಬಂದ ಬೂಸ್ಟ್. ಅಗ್ಗದ ಡಾಂಗಲ್‌ನಲ್ಲಿ ಕೇಳಿದ ಅಂಕಿ ಬರದೇ ಇರಬಹುದು. ಆಗ ಒಳ್ಳೆಯ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ, ಆದರೆ "ಕೋಡ್ ಓದಿ" ಅನ್ನಬೇಡಿ. "ರೋಡ್ ಟೆಸ್ಟ್ ಮಾಡಿ ಈ ನಾಲ್ಕನ್ನೂ ತೋರಿಸಿ" ಅನ್ನಿ.

ಇಲ್ಲಿ ಸ್ವಲ್ಪ ಗಮನ ಕೊಟ್ಟು ಕೇಳಿ. ಗಾಳಿ ಮತ್ತು ಇಂಧನ ಎರಡೂ ಒಂದನ್ನೊಂದು ಕಟ್ಟಿಹಾಕಿರುತ್ತವೆ. ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದ. ಡೀಸೆಲ್ ಕಡಿಮೆ ಉರಿದರೆ ಆ ಬಿಸಿ ಹೊಗೆ ಕಡಿಮೆ, ಟರ್ಬೊ ನಿಧಾನ, ಬೂಸ್ಟ್ ಕಡಿಮೆ. ಅಂದರೆ ಕೊರತೆ ಡೀಸೆಲ್ಲಿನದು, ಕೋಡ್ ಬರುವುದು ಟರ್ಬೊ ಮೇಲೆ. ತಿರುಗಿಸಿ ನೋಡಿದರೆ, ಹೋಸ್ ಸೀಳಿ ಗಾಳಿ ಕಡಿಮೆ ಬಂದಾಗ ಇಸಿಯು ಕಪ್ಪು ಹೊಗೆ ಬರಬಾರದು ಅಂತ ಡೀಸೆಲ್ ಕಡಿಮೆ ಮಾಡುತ್ತದೆ, ರೈಲ್‌ಗೆ ಕೇಳುವ ಒತ್ತಡವನ್ನೂ ಇಳಿಸುತ್ತದೆ. ಆಗ ಸ್ಕ್ರೀನ್ ಮೇಲೆ ರೈಲ್ ಪ್ರೆಷರ್ 800 ಬಾರ್ ಅಂತ ನೋಡಿ "ಅಯ್ಯೋ, ಪಂಪ್ ವೀಕ್" ಅನ್ನುತ್ತಾರೆ. ಅದು ಕೇಳಿದ್ದೇ 800 ಇದ್ದರೆ ಪಂಪ್ ತನ್ನ ಕೆಲಸ ಸರಿಯಾಗಿ ಮಾಡಿದೆ! ಅದಕ್ಕೇ ಬಂದ ಅಂಕಿ ಒಂದನ್ನೇ ನೋಡಬಾರದು. ಕೇಳಿದ್ದರ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ಕೊರತೆ ಇದ್ದರೆ ರೆಕಾರ್ಡಿಂಗ್ ಹಿಂದಕ್ಕೆ ತಿರುಗಿಸಿ, ಮೊದಲು ಬಿದ್ದದ್ದು ಯಾವುದು ಅಂತ ನೋಡಬೇಕು. ಒಂದು ಸೆಕೆಂಡಿನ ವ್ಯತ್ಯಾಸ ಇದ್ದರೂ ಸಾಕು. ಮೊದಲು ಬಿದ್ದ ಕಡೆಯಿಂದಲೇ ಹುಡುಕಾಟ ಶುರು.

ಒಂದು ಗಾಡಿಯ ಕಥೆ ಹೇಳುತ್ತೇನೆ. 1.3 ಲೀಟರ್ ಡೀಸೆಲ್, ನಿಪ್ಪಾಣಿ ಕಡೆಯ ಕುಟುಂಬದ್ದು. ಊರಿಗೆ ಹೋಗುವಾಗ ಘಾಟಿಯಲ್ಲಿ ಪವರ್ ಹೋಗುತ್ತಿತ್ತು. ಹೊಗೆ ಇಲ್ಲ. ಕೋಡ್ ಪಿ0087. ಪಂಪ್, ಇಂಜೆಕ್ಟರ್ ಎರಡಕ್ಕೂ ಎಸ್ಟಿಮೇಟ್ ಕೈಯಲ್ಲಿ ಹಿಡಿದುಕೊಂಡು ಬಂದಿದ್ದರು. ನಾನು ಕೇಳಿದ ಮೊದಲ ಪ್ರಶ್ನೆ: "ಪವರ್ ಹೋದ ಮೇಲೆ ಏನು ಮಾಡಿದ್ರಿ ಕಾಕಾ?" ಅವರು, "ಸೈಡಿಗೆ ಹಾಕಿ ಆಫ್ ಮಾಡಿ ಚಾಲೂ ಮಾಡಿದ್ವಿ, ಆಗಲಿಲ್ಲ. ಚಾ ಕುಡಿದು ಬಂದು ಚಾಲೂ ಮಾಡಿದ್ರ ಸರಿ ಹೋತು" ಅಂದರು. ಈ ಚಹಾದ ಮಾತು ನನಗೆ ಎಸ್ಟಿಮೇಟ್‌ಗಿಂತ ಜಾಸ್ತಿ ಹೇಳಿತು. ಇಸಿಯು ತಾನಾಗಿ ಪವರ್ ಕಡಿಮೆ ಮಾಡುವ ಲಿಂಪ್ ಮೋಡ್‌ಗೆ ಹೋಗಿದ್ದರೆ, ಕೀ ಆಫ್ ಮಾಡಿ ಆನ್ ಮಾಡಿದ ಕೂಡಲೇ ಎಷ್ಟೋ ಗಾಡಿಗಳಲ್ಲಿ ಪವರ್ ವಾಪಸ್ ಬರುತ್ತದೆ. ಇಲ್ಲಿ ಹತ್ತು ಹದಿನೈದು ನಿಮಿಷ ನಿಂತ ಮೇಲೆ ಬಂತು. ಅಂದರೆ ಎಲ್ಲೋ ಏನೋ ಅಡ್ಡ ಬಂದು ಹೀರಿಕೊಂಡು ನಿಲ್ಲುತ್ತಿದೆ, ಎಳೆತ ನಿಂತಾಗ ಕಳಚಿ ಕೆಳಗೆ ಬೀಳುತ್ತಿದೆ.

ರೋಡ್ ಟೆಸ್ಟ್‌ನಲ್ಲಿ ಐಡಲ್‌ನಲ್ಲಿ ಕೇಳಿದ್ದಕ್ಕೂ ಬಂದದ್ದಕ್ಕೂ ವ್ಯತ್ಯಾಸವೇ ಇಲ್ಲ. ಏರಿನಲ್ಲಿ ಸ್ವಲ್ಪ ಹೊತ್ತು ಚೆನ್ನಾಗಿ 1300, 1400. ಆಮೇಲೆ ಕೇಳುತ್ತಿರುವುದು ಅಷ್ಟೇ, ಬರುತ್ತಿರುವುದು ಸಾವಿರ, ಒಂಬೈನೂರು, ಏಳುನೂರು ಅಂತ ನಿಧಾನಕ್ಕೆ ಜಾರುತ್ತಾ ಹೋಯಿತು. ಹೀಗೆ ನಿಧಾನಕ್ಕೆ ಜಾರುವುದು ಪಂಪ್‌ಗೆ ಹೊಟ್ಟೆ ತುಂಬಾ ಡೀಸೆಲ್ ಸಿಗುತ್ತಿಲ್ಲ ಅನ್ನುವುದರ ಲಕ್ಷಣ. ಫಿಲ್ಟರ್ ಹೊಸದೇ ಇತ್ತು. ಟ್ಯಾಂಕಿನ ಒಳಗಿನ ಜಾಲರಿ ತೆಗೆದು ನೋಡಿದರೆ ಕಂದು ಬಣ್ಣದ ಲೋಳೆ ಮೆತ್ತಿತ್ತು. ಯಾವಾಗಲೂ ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸ, ತಳದಲ್ಲಿ ನೀರು ಸೇರಿ ಅದರಲ್ಲಿ ಬೆಳೆದದ್ದು. ಟ್ಯಾಂಕ್ ತೊಳೆದು, ಜಾಲರಿ ಸ್ವಚ್ಛ ಮಾಡಿ, ಫಿಲ್ಟರ್ ಮತ್ತೆ ಬದಲಾಯಿಸಿ ಕಳಿಸಿದೆವು. ಪಂಪ್, ಇಂಜೆಕ್ಟರ್ ಅವವೇ.

ಇದಕ್ಕೇ ನಾನು ಪದೇ ಪದೇ ಹೇಳುವುದು, ಹೈ ಪ್ರೆಷರ್ ಕಡೆ ಕೈ ಹಾಕುವ ಮೊದಲು ಲೋ ಪ್ರೆಷರ್ ಕಡೆ ಮುಗಿಸಿ ಅಂತ. ಟ್ಯಾಂಕ್, ಜಾಲರಿ, ಪೈಪ್, ಫಿಲ್ಟರ್, ಟ್ಯಾಂಕಿನಲ್ಲಿ ಪಂಪ್ ಇದ್ದರೆ ಅದಕ್ಕೆ ಕರೆಂಟ್. ಎಲ್ಲ ಗಾಡಿಯಲ್ಲೂ ಟ್ಯಾಂಕಿನಲ್ಲಿ ಎಲೆಕ್ಟ್ರಿಕ್ ಪಂಪ್ ಇರುವುದಿಲ್ಲ. ಕೆಲವಲ್ಲಿ ಇಂಜಿನ್ ಕಡೆಯ ಪಂಪೇ ಡೀಸೆಲ್ ಎಳೆದುಕೊಳ್ಳುತ್ತದೆ. ಈ ವ್ಯತ್ಯಾಸ ದೊಡ್ಡದು. ತಳ್ಳುವ ಪಂಪ್ ಇದ್ದರೆ ಪೈಪ್ ಸೀಳಿದಲ್ಲಿ ಡೀಸೆಲ್ ಹೊರಗೆ ಸೋರುತ್ತದೆ, ವಾಸನೆ ಬರುತ್ತದೆ, ಸಿಕ್ಕಿಬೀಳುತ್ತದೆ. ಎಳೆಯುವ ಗಾಡಿಯಲ್ಲಿ ಸೀಳಿದ ಜಾಗದಿಂದ ಗಾಳಿ ಒಳಗೆ ಹೋಗುತ್ತದೆ, ತೂತು ಬಿದ್ದ ಸ್ಟ್ರಾದಲ್ಲಿ ಎಳನೀರು ಕುಡಿದ ಹಾಗೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಅದನ್ನು ಹಿಡಿಯಲು ಫಿಲ್ಟರಿಗೂ ಪಂಪಿಗೂ ನಡುವೆ ಡೀಸೆಲ್ ತಡೆಯುವ ಪಾರದರ್ಶಕ ಪೈಪಿನ ತುಂಡು ಹಾಕಿ ನೋಡುತ್ತೇವೆ. ಗುಳ್ಳೆಗಳು ಸಾಲಾಗಿ ಹೋಗುತ್ತಿದ್ದರೆ ಗಾಳಿ ಒಳಗೆ ಬರುತ್ತಿದೆ. ಫಿಲ್ಟರಿನ ಓ ರಿಂಗ್, ಕ್ಲಿಪ್ ಜಾಯಿಂಟ್‌ಗಳೇ ಮೊದಲ ಅನುಮಾನ.

ಲೋ ಪ್ರೆಷರ್ ಕಡೆ ಸರಿಯಿದ್ದೂ ಒತ್ತಡ ಏರದಿದ್ದರೆ ಆಗ ಇಂಜೆಕ್ಟರ್‌ಗಳ ರಿಟರ್ನ್, ಅಂದರೆ ಉರಿಯದೆ ಟ್ಯಾಂಕಿಗೆ ವಾಪಸ್ ಹೋಗುವ ಡೀಸೆಲ್, ಅಳೆಯಬೇಕು. ಪ್ರತಿ ಇಂಜೆಕ್ಟರ್‌ನ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ, ಕೆಲವು ನಿಮಿಷ ಇಂಜಿನ್ ಓಡಿಸುವುದು. ನಾಲ್ಕೂ ಹೆಚ್ಚುಕಡಿಮೆ ಸಮ ತುಂಬಬೇಕು. ಮೂರು ಬಾಟಲಿಯಲ್ಲಿ ತಳ ಮುಚ್ಚುವಷ್ಟು, ನಾಲ್ಕನೆಯದು ಅರ್ಧ ತುಂಬಿದರೆ ಆ ಒಂದು ಇಂಜೆಕ್ಟರ್ ರೈಲ್‌ನ ಒತ್ತಡವನ್ನೆಲ್ಲ ವಾಪಸ್ ಟ್ಯಾಂಕಿಗೆ ಕಳಿಸುತ್ತಿದೆ. ಇದಕ್ಕೆ ಇನ್ನೊಂದು ಲಕ್ಷಣ ನೀವೇ ಗಮನಿಸಬಹುದು. ಬೆಳಿಗ್ಗೆ ತಣ್ಣಗಿದ್ದಾಗ ಒಂದೇ ಏಟಿಗೆ ಸ್ಟಾರ್ಟ್, ಬಿಸಿಯಾದ ಮೇಲೆ ಪೆಟ್ರೋಲ್ ಬಂಕಿನಲ್ಲಿ ಆಫ್ ಮಾಡಿದರೆ ಉದ್ದಕ್ಕೆ ಸೆಲ್ಫ್ ಹೊಡೆಯಬೇಕು. ಬಿಸಿ ಡೀಸೆಲ್ ತೆಳ್ಳಗಾಗುತ್ತದೆ, ಸವೆದ ಸಂದಿಯಿಂದ ಜಾಸ್ತಿ ಜಾರುತ್ತದೆ. ಇಂಜಿನ್ ಹತ್ತಿಕೊಳ್ಳಲು ರೈಲ್‌ನಲ್ಲಿ ಸುಮಾರು 200 ಬಾರ್ ಆದರೂ ಬೇಕು, ಅದು ಬೇಗ ಕಟ್ಟುವುದಿಲ್ಲ. ರಿಟರ್ನ್ ಎಲ್ಲ ಸರಿಯಿದ್ದರೆ ಆಮೇಲೆ ಪಂಪ್ ಮೇಲೆ ಕೂತು ಅದಕ್ಕೆ ಹೋಗುವ ಡೀಸೆಲ್ ಹೆಚ್ಚುಕಡಿಮೆ ಮಾಡುವ ಮೀಟರಿಂಗ್ ವಾಲ್ವ್, ಕೊನೆಗೆ ಪಂಪ್. ಪಂಪ್ ಬಿಚ್ಚಿದಾಗ ಒಳಗೆ ಮಿನುಗುವ ಲೋಹದ ಪುಡಿ ಸಿಕ್ಕರೆ ಪಂಪ್ ಮಾತ್ರ ಬದಲಾಯಿಸಿದರೆ ಆಗುವುದಿಲ್ಲ. ರೈಲ್, ಇಂಜೆಕ್ಟರ್, ಪೈಪ್, ಟ್ಯಾಂಕ್ ಎಲ್ಲವನ್ನೂ ನೋಡಲೇಬೇಕು. ಇಲ್ಲದಿದ್ದರೆ ಆ ಪುಡಿ ಹೊಸ ಪಂಪನ್ನೂ ತಿನ್ನುತ್ತದೆ.

ಪೆಟ್ರೋಲ್ ಟರ್ಬೊ ಗಾಡಿಯವರು ಇಲ್ಲಿ ಕಡಿಮೆ, ಆದರೂ ಒಂದೆರಡು ಮಾತು. ಇಪ್ಪತ್ತು ವರ್ಷ ಹಳೆಯ 1.8 ಲೀಟರ್ ಟರ್ಬೊ ಪೆಟ್ರೋಲ್ ಗಾಡಿಗಳು ಪುಣೆಯಲ್ಲಿ ಇನ್ನೂ ಇವೆ, ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಅವುಗಳಲ್ಲಿ ಇಂಧನದ ಒತ್ತಡ ಮೂರು ನಾಲ್ಕು ಬಾರ್ ಅಷ್ಟೇ. ಆದರೆ ಬೂಸ್ಟ್ ಏರಿದಷ್ಟೂ ಅದೂ ಏರಬೇಕು. ಆ ಕೆಲಸ ಮಾಡುವುದು ಫ್ಯೂಯಲ್ ರೆಗ್ಯುಲೇಟರ್, ಒಂದು ಸಣ್ಣ ವ್ಯಾಕ್ಯೂಮ್ ಪೈಪಿನ ಸಹಾಯದಿಂದ. ಐಡಲ್‌ನಲ್ಲಿ ಆ ಪೈಪ್ ಕಳಚಿದರೆ ಗೇಜ್‌ನಲ್ಲಿ ಒತ್ತಡ ಅರ್ಧ ಬಾರ್‌ನಷ್ಟು ಏರಬೇಕು. ಏರದಿದ್ದರೆ ರೆಗ್ಯುಲೇಟರ್ ನೋಡಿ. ಕಳಚಿದ ಪೈಪಿನಲ್ಲಿ ಪೆಟ್ರೋಲ್ ವಾಸನೆ ಬಂದರೆ ಒಳಗಿನ ಡಯಾಫ್ರಮ್ ಹರಿದಿದೆ. ಗೇಜ್ ಐಡಲ್‌ನಲ್ಲಿ ಚೆನ್ನಾಗಿ ತೋರಿಸಿ ಲೋಡ್‌ನಲ್ಲಿ ಬಿದ್ದರೆ ಪಂಪ್ ತರಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ. ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದು, ಪಂಪಿನ ಕನೆಕ್ಟರ್‌ನಲ್ಲಿ 11 ಮಾತ್ರ ಬರುತ್ತಿದ್ದರೆ ಹೊಸ ಪಂಪ್ ಹಾಕಿದರೂ ಅದೇ ಹಾಡು. ರಿಲೇ, ಸುಟ್ಟ ಕನೆಕ್ಟರ್, ತುಕ್ಕು ಹಿಡಿದ ಅರ್ಥಿಂಗ್. ಟರ್ಬೊ ಪೆಟ್ರೋಲ್‌ನಲ್ಲಿ ಇದನ್ನು ಮುಂದೂಡಬಾರದು. ಬೂಸ್ಟ್ ಪೂರ್ತಿ ಇದ್ದು ಪೆಟ್ರೋಲ್ ಕಡಿಮೆಯಾದರೆ ನಾಕಿಂಗ್ ಬರುತ್ತದೆ, ಪಿಸ್ಟನ್ ಕರಗಲೂಬಹುದು.

ಒಬ್ಬರು ಕೇಳಿದರು, ಬಾಟಲಿಯಲ್ಲಿ ಬರುವ ಇಂಜೆಕ್ಟರ್ ಕ್ಲೀನರ್ ಹಾಕಬಹುದಾ ಅಂತ. ಸೀಳಿದ ಹೋಸನ್ನು, ಕಟ್ಟಿದ ಜಾಲರಿಯನ್ನು, ಸುಟ್ಟ ಕನೆಕ್ಟರನ್ನು ಅದು ಸರಿ ಮಾಡುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಫಿಲ್ಟರ್ ಬರುತ್ತದೆ, ಅದನ್ನೇ ಹಾಕಿಸಿ. ಸೀಮೆಎಣ್ಣೆ ಬೆರೆಸುವುದಂತೂ ಬೇಡವೇ ಬೇಡ. ಪಂಪಿನ ಒಳಗೆ ಸವೆಯದಂತೆ ಕಾಯುವುದು ಡೀಸೆಲ್ಲಿನ ಜಿಡ್ಡೇ.

ಇನ್ನೊಬ್ಬರ ಪ್ರಶ್ನೆ: ಘಾಟಿಯ ಮಧ್ಯದಲ್ಲೇ ಪವರ್ ಹೋದರೆ? ಎಡಕ್ಕೆ ತೆಗೆದುಕೊಳ್ಳಿ, ಹಜಾರ್ಡ್ ಲೈಟ್ ಹಾಕಿ. ಹೊಗೆ ಯಾವ ಬಣ್ಣ, ಇಂಧನ ಎಷ್ಟಿತ್ತು, ಯಾವ ಗೇರ್, ಎಷ್ಟು ಆರ್‌ಪಿಎಂ, ಇಷ್ಟನ್ನು ಮೊಬೈಲ್‌ನಲ್ಲಿ ಬರೆದಿಡಿ. ಕೀ ಆಫ್ ಮಾಡಿ ಕೂಡಲೇ ಆನ್ ಮಾಡಿದಾಗ ಏನಾಯಿತು, ಹತ್ತು ನಿಮಿಷ ಬಿಟ್ಟಾಗ ಏನಾಯಿತು, ಅದನ್ನೂ ಬರೆಯಿರಿ. ಕೋಡ್ ಅಳಿಸಬೇಡಿ. ಸರಿಹೋದರೆ ಕಡಿಮೆ ಲೋಡ್‌ನಲ್ಲಿ, ನಿಧಾನಕ್ಕೆ ಮುಂದಿನ ಊರಿನವರೆಗೆ ಓಡಿಸಿ. ಆಯಿಲ್ ಲೈಟ್ ಬಂದರೆ, ಟರ್ಬೊ ಸೈರನ್ ತರಹ ಕೂಗಿ ನೀಲಿ ಹೊಗೆ ಬಂದರೆ ಮಾತ್ರ ಮತ್ತೆ ಸ್ಟಾರ್ಟ್ ಮಾಡಬೇಡಿ, ಟೋಯಿಂಗ್‌ಗೆ ಹೇಳಿ. ಟರ್ಬೊ ಸೀಲ್ ಹೋದ ಡೀಸೆಲ್ ಇಂಜಿನ್ ತನ್ನ ಆಯಿಲನ್ನೇ ಕುಡಿದು, ಕೀ ಆಫ್ ಮಾಡಿದರೂ ನಿಲ್ಲದೆ ರೇಸ್ ಆಗಬಹುದು. ಹಾಗಾದರೆ ಗಾಬರಿಯಾಗಿ ಬಾನೆಟ್ ತೆರೆಯಲು ಹೋಗಬೇಡಿ. ಮ್ಯಾನ್ಯುಯಲ್ ಗಾಡಿಯಾದರೆ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ಗಟ್ಟಿಯಾಗಿ ಒತ್ತಿ, ಕೊನೆಯ ಗೇರ್ ಹಾಕಿ ಕ್ಲಚ್ ಬಿಡಿ. ಇಂಜಿನ್ ಬಂದ್ ಬೀಳುತ್ತದೆ. ಆಗದಿದ್ದರೆ ಎಲ್ಲರನ್ನೂ ಇಳಿಸಿ ದೂರ ಹೋಗಿ ನಿಲ್ಲಿ.